ಹಳೆ ಸೀರೆಯ ಆ ತುದಿ

ಮಕ್ಕಳೇ, ಇದು ಕಟ್ಟಿದ ಕಥೆಯಲ್ಲ. ಕಥೆ ಕಟ್ಟುವ ಚಾತುರ್ಯ ನನಗಿಲ್ಲ ಎಂದು ನಿಮಗೇ ಗೊತ್ತು. ನಾಲ್ಕು ಜನ ಕೂತ ಕಡೆ ಬಾಯಿ ತೆರೆಯಲು ಈ ವಯಸ್ಸಿನಲ್ಲೂ ನಾಚಿಕೆ ನನಗೆ. ಬಾಯಲ್ಲಿ ಹೇಳಲಾರದ್ದಕ್ಕೇ ಕೂತು ಬರೆಯುತ್ತಿದ್ದೇನೆ. ನಡೆದದ್ದು ಬೇರೆ ಯಾರಿಗೋ ಅಲ್ಲ, ನನಗೆ. ಕಂಡದ್ದು, ಕೈಗೆ ತಾಕಿದ್ದು, ಮೂಗಿಗೆ ಬಂದದ್ದು ಅಷ್ಟನ್ನೇ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಆಷಾಢದಲ್ಲಿ ಗೋಪಾಲಸ್ವಾಮಿ ಬೆಟ್ಟದ ಹಿಂಬದಿಯನ್ನು ನಡೆದು ನೋಡುತ್ತೇವೆ, ಏನೇನು ಜೋಪಾನ ಮಾಡಬೇಕು ಬರೆದುಕೊಡಿ ಅಜ್ಜಿ ಎಂದಿರಿ. ಸರಿ. ಬೆಳಿಗ್ಗೆಯೇ ಬೆಟ್ಟಕ್ಕೆ ಕಾಲಿಡಿ, ಹೊತ್ತು ವಾಲುವ ಮೊದಲೇ ಇಳಿದುಬಿಡಿ. ತಲೆಗಿಂತ ಮೊದಲು ಕಿವಿ ಕಟ್ಟಿಕೊಳ್ಳಿ, ಆ ಗಾಳಿ ಮೈಯೊಳಗೆ ಹೋಗುವುದೇ ಕಿವಿಯಿಂದ. ಸೊಂಟದಲ್ಲಿ ಒಂದಿಷ್ಟು ಹುರಿಗಡಲೆ, ಬೆಲ್ಲ ಇರಲಿ. ಮಂಜು ಕವಿದಾಗ ಎಷ್ಟೇ ಸುಸ್ತಾದರೂ ಬೆಟ್ಟದ ಬೆನ್ನ ಮೇಲೆ ಕೂರಬೇಡಿ. ಕೂತವರಿಗೆ ಮೊದಲು ಚಳಿಯಾಗುತ್ತದೆ, ಆಮೇಲೆ ಯಾಕೋ ಬೆಚ್ಚಗೆನಿಸುತ್ತದೆ, ಆಮೇಲೆ ನಿದ್ದೆ ಬರುತ್ತದೆ... ಆ ನಿದ್ದೆಯಿಂದ ಎದ್ದವರು ಕಡಿಮೆ.

ಇನ್ನೊಂದು ಮಾತಿದೆ. ಅದನ್ನು ಹೀಗೆ ಬುದ್ಧಿ ಹೇಳಿದ ಹಾಗೆ ಬರೆಯಲು ಬರುವುದಿಲ್ಲ. ಆ ರಾತ್ರಿಯನ್ನೇ ಹೇಳಬೇಕು.

ಐವತ್ತರ ದಶಕದ ನಡುವಿನ ಒಂದು ವರ್ಷ. ನಿಮ್ಮ ಅಪ್ಪ ಆಗಿನ್ನೂ ಅಂಬೆಗಾಲಿಡುತ್ತಿದ್ದ. ಭೀಮನಬೀಡಿನ ನಮ್ಮ ಮನೆಯ ದನಗಳನ್ನು ಮುಂಗಾರು ಬಿದ್ದ ಮೇಲೆ ಊರವರ ದನಗಳ ಜೊತೆ ಬೆಟ್ಟಕ್ಕೆ ಹೊಡೆಯುತ್ತಿದ್ದರು. ಬೆಟ್ಟದ ಹಿಂಬದಿಯ ಹಳ್ಳದಲ್ಲಿ ಮರಗಳ ಮರೆಗೆ ಮುಳ್ಳುಬೇಲಿಯ ಒಂದು ದೊಡ್ಡಿ, ಅದರ ಪಕ್ಕ ಒಂದು ಗುಡಿಸಿಲು. ಗಂಡಸರು ಸರದಿಯ ಮೇಲೆ ಅಲ್ಲಿ ವಾರಗಟ್ಟಲೆ ಇದ್ದು ಮೇಯಿಸುತ್ತಿದ್ದರು. ಮನೆಯ ಹೆಂಗಸರು ರಾಗಿಹಿಟ್ಟು, ಉಪ್ಪು, ಮೆಣಸಿನಕಾಯಿ ಹೊತ್ತು ಹೋಗಿ ಕೊಟ್ಟು ಬರುತ್ತಿದ್ದೆವು. ಆ ದಾರಿ ನಮಗೆ ಹಿತ್ತಲಿನಷ್ಟೇ ಪರಿಚಯ.

ಆ ಆಷಾಢದಲ್ಲಿ ದೊಡ್ಡಿಯಲ್ಲಿ ನಿಮ್ಮ ತಾತನ ಸರದಿ. ಒಂದು ಸಂಜೆ ದೊಡ್ಡಿಯಿಂದ ಇಳಿದು ಬಂದವರೊಬ್ಬರು, ತಾತನಿಗೆ ಚಳಿಜ್ವರ ಬಂದು ಎದ್ದು ಕೂರಲೂ ಆಗುತ್ತಿಲ್ಲ ಎಂದು ಹೇಳಿ ಹೋದರು. ಮನೆಯಲ್ಲಿ ಗಂಡಸರು ಯಾರೂ ಇರಲಿಲ್ಲ. ನನ್ನ ತವರು ಕುದೇರು; ಅತ್ತೆ ನನ್ನನ್ನು ಊರ ಹೆಸರಿನಿಂದಲೇ ಕೂಗುತ್ತಿದ್ದರು.

"ಕುದೇರವ್ವ, ನೀನೇ ಓಗ್ಬೇಕು ಕಣಮ್ಮಿ. ಗುಂಡ್ಲುಪೇಟೆಗೆ ಓಗಿ ಔಸ್ತಿ ಈಸ್ಕೊಂಡು, ಅಂಗೇ ಬೆಟ್ಟ ಅತ್ಬುಡು. ಮಾದೇವೀನೂ ಕರ್ಕೊಂಡೋಗು."

ಮಾದೇವಿ ನನ್ನ ನಾದಿನಿ. ಇನ್ನೂ ಮದುವೆಯಾಗದ ಹುಡುಗಿ, ಬಾಯಿ ಮಾತ್ರ ಮೂರು ಮಕ್ಕಳ ತಾಯಿಯದು.

"ಕೂಸು?" ಎಂದೆ ನಾನು.

"ಆಲು ಕುಡಿಯೋ ಕೂಸ ಬುಟ್ಟೋದೀಯಾ? ಬೆನ್ಗೆ ಕಟ್ಕೊ. ಗಾಳಿಗ್ ಮಾತ್ರ ಒಡ್ಬ್ಯಾಡ." ಅತ್ತೆ ಅಷ್ಟು ಹೇಳಿ ಸೊಲ್ಲು ತಗ್ಗಿಸಿದರು. "ಒಂದ ಕಳ್ಕೊಂಡಿದ್ದು ಸಾಕು."

ನಿಮ್ಮ ಅಪ್ಪನಿಗಿಂತ ಮೊದಲು ನನಗೊಂದು ಹೆಣ್ಣುಕೂಸು ಹುಟ್ಟಿತ್ತು. ಎದೆಗೆ ಚಳಿ ಕೂತು, ಉಸಿರು ಕಟ್ಟಿ ಹೋಯಿತು. ಹಾಗಾಗಿ ನಿಮ್ಮ ಅಪ್ಪ ಸೀನಿದರೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಮರುದಿನ ಅಂಥ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಆಷಾಢದ ಗಾಳಿಗೆ ಹೊರಟೆ. ಬೇರೆ ದಾರಿ ಇರಲಿಲ್ಲ.

ಗುಂಡ್ಲುಪೇಟೆಯಲ್ಲಿ ಕಹಿಮಾತ್ರೆ, ಒಂದು ಸೀಸೆ ಔಷಧಿ ಸಿಕ್ಕಿತು. ಆದರೆ ಊಟಿ ರಸ್ತೆಯ ಬಸ್ಸು ದಾರಿಯಲ್ಲಿ ಟೈರಿನ ಗಾಳಿ ಹೋಗಿ ಬಹಳ ಹೊತ್ತು ನಿಂತುಬಿಟ್ಟಿತು. ಹಂಗಳದಲ್ಲಿ ಇಳಿದಾಗ ನೆರಳು ಉದ್ದವಾಗಿತ್ತು. ಬೆಟ್ಟದ ಬುಡದಲ್ಲಿ ಸೌದೆ ಹೊತ್ತು ಇಳಿಯುತ್ತಿದ್ದ ಹೆಂಗಸೊಬ್ಬಳು ನಮ್ಮನ್ನು ನೋಡಿ ನಿಂತಳು.

"ಈವೊತ್ತಲ್ಲಿ ಎತ್ಲಾಗವ್ವಾ ಕೂಸ ಕಟ್ಕೊಂಡು?"

"ದೊಡ್ಡಿಗೆ. ನಮ್ಮಣ್ಣಂಗೆ ಜ್ವರ," ಎಂದಳು ಮಾದೇವಿ.

"ಮ್ಯಾಲೆ ಮೋಡ ಕೂತದೆ ಕಣವ್ವ. ಬೆಳಿಗ್ಗೆ ಓಗ್ಬಾರ್ದಾ?"

ಬೆಳಗಿನವರೆಗೆ ಅವರು ಹೇಗಿರುತ್ತಾರೋ ಯಾರು ಬಲ್ಲರು? ನಾವು ಹತ್ತತೊಡಗಿದೆವು.

ಅರ್ಧ ಬೆಟ್ಟದವರೆಗೆ ಏನೂ ಇಲ್ಲ. ಮಾದೇವಿ ಬಸ್ಸಿನಲ್ಲಿ ಪಕ್ಕ ಕೂತಿದ್ದ ಮುದುಕನ ಗೊರಕೆಯನ್ನು ಅಣಕಿಸುತ್ತ ಬಂದಳು. ಕೂಸು ನನ್ನ ಬೆನ್ನ ಮೇಲೆ ನಗುತ್ತಿತ್ತು. ಬೆಟ್ಟದ ಬೆನ್ನಿಗೆ ಬರುತ್ತಲೇ ಗಾಳಿ ಹಿಡಿಯಿತು. ಹಿಡಿಯಿತು ಎಂದೇ ಹೇಳಬೇಕು. ಎದೆಗೆ ಕೈಕೊಟ್ಟು ನೂಕಿದ ಹಾಗೆ. ನೋಡುತ್ತಿದ್ದಂತೆ ಹಳ್ಳದೊಳಗಿನಿಂದ ಮಂಜು ಎದ್ದು ಬಂದು ಮುಂದಿನ ಹುಲ್ಲು, ಹಿಂದಿನ ದಾರಿ ಎರಡನ್ನೂ ನುಂಗಿತು.

ದೊಡ್ಡಿಗೆ ಹೋಗುವವರಲ್ಲಿ ಒಂದು ಪದ್ಧತಿ ಇತ್ತು. ಮಂಜು ಕವಿದರೆ ಒಂದು ಹಳೆ ಸೀರೆಯನ್ನು ಹಗ್ಗದಂತೆ ಹೊಸೆದು, ಒಂದು ತುದಿಯನ್ನು ಮುಂದೆ ನಡೆಯುವವಳ ಸೊಂಟಕ್ಕೂ ಇನ್ನೊಂದನ್ನು ಹಿಂದಿನವಳ ಕೈಗೂ ಕಟ್ಟಿಕೊಳ್ಳಬೇಕು. ಆಮೇಲೆ ಮಾತಾಡಬಾರದು. ಆ ಗಾಳಿಗೆ ಬಾಯಿ ತೆರೆದರೆ ಚಳಿ ನೇರ ಎದೆಗಿಳಿಯುತ್ತದೆ. ಕೂಗಿದರೂ ಪಕ್ಕದವರಿಗೆ ಕೇಳುವುದಿಲ್ಲ, ಗಾಳಿ ಸೊಲ್ಲನ್ನು ಎಲ್ಲಿಗೋ ಒಯ್ದು ಹಾಕುತ್ತದೆ. ಆದ್ದರಿಂದ ಮುಂದಿನವಳು ಆಗಾಗ ಸೀರೆ ಜಗ್ಗುತ್ತಾಳೆ, ಹಿಂದಿನವಳು ತಿರುಗಿ ಜಗ್ಗುತ್ತಾಳೆ. ನಾನಿದ್ದೇನೆ, ನೀನಿದ್ದೀಯಾ... ಅಷ್ಟೇ ಮಾತು.

ಗಂಟು ಹಾಕುವಾಗ ಮಾದೇವಿ ನಕ್ಕಳು. "ಇದೇನ್ ಅತ್ಗೆ, ಗಂಟಾಕ್ಬುಟ್ಟು ನನ್ನೇ ಮದ್ವೆ ಆಗ್ಬುಡ್ತೀಯಾ?"

"ನಿನ್ನ ಕಟ್ಕೊಂಡೋನ ಗತಿ ಮಾದಪ್ಪನಿಗೇ ಗೊತ್ತು. ಬಾಯ್ಮುಚ್ಕೊಂಡು ನಡಿ," ಎಂದೆ.

ಇಬ್ಬರೂ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯಿಂದ ಇಳಿಬಿಟ್ಟುಕೊಂಡೆವು. ಮುಖ ಪೂರ ಒಳಗೆ ಹೋಯಿತು. ಗಾಳಿ ಕಂಬಳಿಯ ಮೇಲಿಂದ ಬಲಗೆನ್ನೆಗೆ ಬಡಿಯುತ್ತಿದ್ದರೆ ದಾರಿ ಸರಿ ಎಂದು ಲೆಕ್ಕ. ನಾನು ಮುಂದೆ, ಅವಳು ಹಿಂದೆ. ಜಗ್ಗಿದೆ. ಜಗ್ಗಿದಳು.

ಕತ್ತಲಾಯಿತು.

ಎಷ್ಟು ದೂರ ನಡೆದೆವೋ, ಎಡಗಡೆ ಕೆಳಗೆ ಮರ ಮುರಿದ ಸದ್ದಾಯಿತು. ಚಟ್ ಎಂದು ಒಂದು, ಸ್ವಲ್ಪ ತಡೆದು ಇನ್ನೊಂದು. ಆಮೇಲೆ ಹೊಟ್ಟೆಯೊಳಗೆ ಗುಡುಗಿದ ಹಾಗೆ ಗುರುಗುರು... ಆನೆ. ಆನೆ ಹತ್ತಿರವಿದ್ದಾಗ ಒಬ್ಬರಿಗೊಬ್ಬರು ಕಟ್ಟಿಕೊಂಡಿರಬಾರದು, ಓಡಲು ಆಗುವುದಿಲ್ಲ. ಮಾದೇವಿ ನನ್ನ ಕಿವಿಯ ಹತ್ತಿರ ಬಂದಳು.

"ಅತ್ಗೆ, ಬಿಚ್ಕೊಬುಟ್ಟೆ ಕಣ. ಬಂಡೆ ಮರೇಗೆ ಓಗು... ಓಗು!"

ಆ ಬೆಟ್ಟದ ಬೆನ್ನ ಮೇಲೆ ಅವಳ ಮಾತು ನಾನು ಕೇಳಿದ್ದು ಅದೇ ಕೊನೆ. ನಾನು ಕೈಗೆ ಸಿಕ್ಕ ಬಂಡೆಯ ಹಿಂದೆ ಕುಕ್ಕರುಗಾಲಲ್ಲಿ ಅವಿತೆ. ಸೊಂಟದ ಗಂಟು ಬಿಚ್ಚಲು ಬೆರಳು ಮರಗಟ್ಟಿತ್ತು. ಸೀರೆ ಹಾಗೇ ಬಾಲದಂತೆ ನೆಲದ ಮೇಲೆ ಬಿದ್ದಿತ್ತು. ಬೆನ್ನ ಮೇಲಿನ ಕೂಸು ಅತ್ತುಬಿಟ್ಟರೆ ಎಂದು ನಾನು ಉಸಿರು ಹಿಡಿದಿದ್ದೆ. ಅಳಲಿಲ್ಲ. ಆನೆಗಳು ಹಾದು ಹೋದವು. ಹಸಿ ಸೊಪ್ಪಿನ, ಲದ್ದಿಯ ವಾಸನೆ ಬಂದು, ತೆಳುವಾಗಿ, ಹೋಯಿತು.

ಆಮೇಲೆ ಬರಿಯ ಗಾಳಿ.

"ಮಾದೇವಿ..." ಎಂದು ಮೆಲ್ಲಗೆ ಕರೆದೆ. ಗಾಳಿ ಆ ಸೊಲ್ಲನ್ನು ಕಿತ್ತುಕೊಂಡು ಹೋಯಿತು. ಎದ್ದು ನಿಂತು ಇನ್ನೊಮ್ಮೆ ಕರೆಯಬೇಕು ಎನ್ನುವಷ್ಟರಲ್ಲಿ ಸೊಂಟದ ಸೀರೆ ಬಿಗಿಯಾಯಿತು.

ಜಗ್ಗಿತು.

ಎಷ್ಟು ಸಮಾಧಾನವಾಯಿತೆಂದರೆ, ಕಣ್ಣಲ್ಲಿ ನೀರೇ ಬಂತು. ನಾನೂ ಜಗ್ಗಿದೆ. ತಿರುಗಿ ಜಗ್ಗಿತು. ಸದ್ಯ, ಹುಡುಗಿ ತುದಿ ಹುಡುಕಿ ಕಟ್ಟಿಕೊಂಡಿದ್ದಾಳೆ ಎಂದುಕೊಂಡು ಹೆಜ್ಜೆ ಹಾಕಿದೆ.

ಅಷ್ಟರಲ್ಲಿ ನಿಮ್ಮ ಅಪ್ಪ ಅಳತೊಡಗಿದ. ಹಸಿವು. ಮಧ್ಯಾಹ್ನ ಬಸ್ಸಿನಲ್ಲಿ ಕುಡಿಸಿದ್ದೇ ಕೊನೆ. ಬೆಟ್ಟದ ಬೆನ್ನ ಮೇಲೆ ಕೂತು ಹಾಲು ಕೊಡುವ ಹಾಗಿರಲಿಲ್ಲ. ಮಂಜಿನ ಹನಿ ಕಂಬಳಿಯನ್ನು ತೋಯಿಸಿ ಒಳಗಿಳಿಯುತ್ತಿತ್ತು. ಅಳು ಮೊದಲು ಜೋರಾಗಿತ್ತು, ಬರುಬರುತ್ತ ಸಣ್ಣದಾಯಿತು. ಹಿಂದೆ ಕೈ ಹಾಕಿ ಅದರ ಪಾದ ಮುಟ್ಟಿದೆ. ಹೊಳೆಯ ಕಲ್ಲು ಮುಟ್ಟಿದ ಹಾಗಿತ್ತು. ಹೆಣ್ಣುಕೂಸು ಹೋದ ರಾತ್ರಿ ಅದರ ಪಾದ ಹಾಗೇ ಇತ್ತು...

ಓಡಿದರೆ ಬೀಳುತ್ತೇನೆ. ನಿಂತರೆ ಕೂಸು ಉಳಿಯುವುದಿಲ್ಲ. ಗಾಳಿಯನ್ನು ಬಲಗೆನ್ನೆಗೆ ಇಟ್ಟುಕೊಂಡು ಬೇಗ ಬೇಗ ನಡೆದೆ. ಒಂದು ಕಡೆ ಸೀರೆ ಹಿಂದಕ್ಕೆ ಬಲವಾಗಿ ಎಳೆಯಿತು. ಜಗ್ಗಿದ್ದಲ್ಲ, ಎಳೆದದ್ದು. ನಾನು ಒಂದು ಹೆಜ್ಜೆ ಹಿಂದಕ್ಕೆ ತೂರಾಡಿದೆ. ಸಿಟ್ಟು ಬಂತು. ಗಾಳಿ ಬಲಗೆನ್ನೆಗೇ ಬಡಿಯುತ್ತಿದೆ, ಇವಳದೇನು ತರಲೆ ಎಂದು ಮತ್ತೆ ಮುಂದೆ ಹೆಜ್ಜೆಯಿಟ್ಟೆ. ಮತ್ತೆ ಎಳೆತ. ಈ ಸಲ ಎಡಕ್ಕೆ. ಬಿಡಲೇ ಇಲ್ಲ. ಅವಳ ಕಣ್ಣು ಚುರುಕು, ಏನೋ ಕಂಡಿರಬೇಕು ಎಂದುಕೊಂಡು ಎಡಕ್ಕೇ ತಿರುಗಿದೆ. ಸೀರೆ ಸಡಿಲವಾಯಿತು.

ಸ್ವಲ್ಪ ಹೊತ್ತಿಗೆ ಕೂಸಿನ ಅಳು ನಿಂತಿತು.

ನಿದ್ದೆಯೋ ಇನ್ನೇನೋ ತಿಳಿಯಲಿಲ್ಲ. ಅದನ್ನು ಬೆನ್ನಿನಿಂದ ಬಿಚ್ಚಿ ಎದೆಗೆ ಒತ್ತಿಕೊಂಡೆ. ನನ್ನ ಎದೆಯೇ ಹಿಮವಾಗಿತ್ತು, ಅದಕ್ಕೆ ಎಲ್ಲಿಯ ಬಿಸಿ ಕೊಡಲಿ? ಬಾಯಿಗೆ ಮೊಲೆ ಇಟ್ಟೆ, ತುಟಿ ಆಡಿಸಲಿಲ್ಲ. ಕೈ ಸೋತು ಕೂಸು ಜಾರುತ್ತಿತ್ತು. ಎಲ್ಲಿ ಬೀಳಿಸಿಬಿಡುತ್ತೇನೋ ಎಂದು ನಿಂತುಬಿಟ್ಟೆ.

ಹಿಂದಿನಿಂದ ಹುಲ್ಲು ಸರಿದ ಸದ್ದು. ಅವಳು ಹತ್ತಿರ ಬಂದಳು. ಮಂಜಿನಲ್ಲಿ ಕೊಪ್ಪೆಯ ಕಪ್ಪು ಆಕಾರ, ಅದರ ಕೆಳಗೆ ಚಾಚಿದ ಎರಡು ಕೈ. ಇಲ್ಲಿ ಕೊಡು ಎನ್ನುವ ಹಾಗೆ.

ನಾನು ಕೂಸನ್ನು ಆ ಕೈಗೆ ಕೊಟ್ಟೆ.

ಕೊಡುವಾಗ ಬೆರಳು ತಾಕಿದವು. ಬೆಚ್ಚಗಿದ್ದವು. ಒಲೆಯ ಮುಂದೆ ಕಾಯಿಸಿಕೊಂಡು ಬಂದಷ್ಟು ಬೆಚ್ಚಗೆ. ಅಬ್ಬಾ, ಎಳೆಯ ರಕ್ತ, ನೋಡು ಎಷ್ಟು ಬಿಸಿ ಎಂದು ಅಂದುಕೊಂಡೆನೇ ಹೊರತು, ಆ ಚಳಿಯಲ್ಲಿ ಕೈ ಹೇಗೆ ಬೆಚ್ಚಗಿದೆ ಎಂದು ಹೊಳೆಯಲಿಲ್ಲ. ಬಾಯಿ ಬಿಡಬಾರದಲ್ಲ, ನಾನೂ ಏನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ತಿರುಗಿ ನಡೆದೆ. ಸೀರೆ ಒಮ್ಮೆ ಜಗ್ಗಿತು. ನಡಿ ಎಂದ ಹಾಗೆ.

ದೊಡ್ಡಿಯ ಹತ್ತಿರ ದಾರಿ ಪಡುವಣಕ್ಕೆ ತಿರುಗಿ ಇಳಿಯುತ್ತದೆ. ಅಲ್ಲಿ ಗಾಳಿ ನೇರ ಮುಖಕ್ಕೆ. ತಿರುವಿನಲ್ಲಿ ಹಿಂದೆ ಒಂದು ಸಣ್ಣ ಸದ್ದು ಕೇಳಿದೆ. ಚಪ್... ಚಪ್... ಚಪ್... ಕೂಸು ಚೀಪುವ ಸದ್ದು. ಮಾದೇವಿ ಬೆರಳು ಕೊಟ್ಟಿದ್ದಾಳೆ, ಅಂದರೆ ಕೂಸು ಎಚ್ಚರವಾಗಿದೆ ಎಂದು ನನ್ನ ಜೀವ ತಿರುಗಿ ಬಂತು. ಸದ್ದಿನ ನಡುವೆ ಗುಟುಕರಿಸುವುದೂ ಕೇಳಿತು. ಬೆರಳು ಚೀಪುವ ಕೂಸು ಗುಟುಕರಿಸುತ್ತದೆಯೇ? ಅದನ್ನು ಯೋಚಿಸುವಷ್ಟು ಬುದ್ಧಿ ಆಗ ನನ್ನಲ್ಲಿ ಉಳಿದಿರಲಿಲ್ಲ.

ಎದುರಿನಿಂದ ಹೊಗೆಯ ವಾಸನೆ ಬಂತು. ಬೆರಣಿ, ಹಸಿ ಸೌದೆ, ದನ. ದೊಡ್ಡಿ ಬಂತು ಎಂದು ಗೊತ್ತಾಯಿತು. ಅದರ ಜೊತೆಗೇ ಇನ್ನೊಂದು ವಾಸನೆ. ಸಾಂಬ್ರಾಣಿ. ಬೆಳ್ಳುಳ್ಳಿ, ಓಮ, ಕಾಸಿದ ಎಣ್ಣೆ. ಬಾಣಂತಿ ಕೋಣೆಯ ಬಾಗಿಲು ತೆರೆದಾಗ ಹೊರಗೆ ಬರುತ್ತದಲ್ಲ, ಅದೇ.

ಗಾಳಿ ನನ್ನ ಎದುರಿನಿಂದ ಬೀಸುತ್ತಿತ್ತು. ಸಗಣಿ ಹೊಗೆ ಎದುರಿನಿಂದ ಬಂದದ್ದು ಸರಿ. ಆದರೆ ಸಾಂಬ್ರಾಣಿ ಬರುತ್ತಿದ್ದದ್ದು ಬೆನ್ನ ಹಿಂದಿನಿಂದ. ಗಾಳಿಗೆ ಎದುರಾಗಿ.

ಆದರೂ ಕಾಲು ನಿಲ್ಲಲಿಲ್ಲ. ಕೆಳಗೆ ಮಂಜಿನಲ್ಲಿ ಬೆಂಕಿಯ ಕೆಂಪು ಮಸುಕಾಗಿ ಕಂಡಿತು. ಆಗ ನನಗನ್ನಿಸಿದ್ದು ಒಂದೇ: ಕೂಸು ನನ್ನ ಕೈಯಲ್ಲಿರಬೇಕು. ಈಗಲೇ.

ತಿರುಗಿ ಕೈ ಚಾಚಿದೆ.

ಅವಳು ನಿಂತಳು. ಕೊಡಲಿಲ್ಲ. ಕೊಪ್ಪೆಯೊಳಗೆ ಏನೂ ಕಾಣಲಿಲ್ಲ. ನಾನು ಇನ್ನೊಂದು ಹೆಜ್ಜೆ ಹತ್ತಿರ ಹೋಗಿ ಕೂಸನ್ನು ಹಿಡಿದೆ. ಹಿಡಿದೆ, ಆದರೆ ಬರಲಿಲ್ಲ. ಆ ತೋಳು ಬಿಡಲಿಲ್ಲ. ಜೋರಾಗಿ ಕಿತ್ತುಕೊಳ್ಳಲು ನನಗೆ ಧೈರ್ಯವಿಲ್ಲ, ಬಿಡಲು ಮನಸ್ಸಿಲ್ಲ. ಹಾಗೇ ನಿಂತೆವು, ನಡುವೆ ಕೂಸು. ಗಾಳಿ ಕೂಡ ಆಗ ಒಂದು ಗಳಿಗೆ ನಿಂತ ಹಾಗಿತ್ತು.

"ಕೊಡು," ಎಂದೆ. ಬಾಯಿ ಬಿಟ್ಟೆ. "ನಂದು ಕಣೆ... ಕೊಡು."

ತೋಳು ಸಡಿಲವಾಯಿತು. ಕೂಸಿನ ಭಾರ ನನ್ನ ಕೈಗೆ ಬಂತು. ಸೊಂಟದ ಸೀರೆಯ ಎಳೆತ ಹೋಯಿತು. ನಾನು ಹಿಂದೆ ನೋಡದೆ ಇಳಿಜಾರಿನಲ್ಲಿ ಬಿದ್ದು ಎದ್ದು ಬೆಂಕಿಯ ಕಡೆಗೆ ಓಡಿದೆ.

ದೊಡ್ಡಿಯ ಬಾಯಲ್ಲಿ ಲಾಟೀನು ಅಲ್ಲಾಡಿತು. ಯಾರೋ ಅಳುತ್ತ ನನ್ನ ಕಡೆಗೆ ಓಡಿ ಬಂದರು. ಎದುರಿನಿಂದ. ದೊಡ್ಡಿಯ ಕಡೆಯಿಂದ.

"ಅತ್ಗೇ! ಅತ್ಗೆಮ್ಮಾ! ಎಲ್ಲಿಗ್ ಓಗ್ಬುಟ್ಟಿದ್ದೆ ನೀನು?"

ಮಾದೇವಿ.

ತಲೆಯ ಮೇಲೆ ಕೊಪ್ಪೆ ಇರಲಿಲ್ಲ. ಕೂದಲು ಒಣಗಿತ್ತು. ಬೆಂಕಿಯ ಮುಂದೆ ಬಹಳ ಹೊತ್ತು ಕೂತವರ ಮುಖದಂತೆ ಅವಳ ಮುಖ ಕೆಂಪಾಗಿತ್ತು. ಆನೆಯ ಭಯಕ್ಕೆ ಅವಳು ಕಣ್ಣುಮುಚ್ಚಿ ಓಡಿದ್ದಳಂತೆ. ನಾನೂ ಮುಂದೆ ಓಡಿರುತ್ತೇನೆ ಎಂದುಕೊಂಡು, ಬಿದ್ದು ತೆವಳಿ, ನನಗಿಂತ ಎಷ್ಟೋ ಮೊದಲೇ ದೊಡ್ಡಿ ಸೇರಿದ್ದಳು. ನಾನು ಬಂದಿಲ್ಲವೆಂದು ತಿಳಿದು ಅವಳು ಗೋಳಾಡಿದ್ದಕ್ಕೆ, ದನ ಕಾಯುವ ಸಿದ್ದಜ್ಜ ಪಂಜು ಹಚ್ಚಿಕೊಂಡು ನನ್ನನ್ನು ಹುಡುಕಲು ಹೊರಟು ನಿಂತಿದ್ದ.

"ನೀನು... ನನ್ನಿಂದೆ ಬರ್ನಿಲ್ವಾ?" ಎಂದೆ. ಹಲ್ಲು ಕಟಕಟ ಎನ್ನುತ್ತಿತ್ತು.

"ನಾನೆಲ್ಲಿ ಬಂದೆ? ಆನೆ ತಾವ್ಲೇ ಬಿಚ್ಕೊಬುಟ್ನಲ್ಲ!"

ಸಿದ್ದಜ್ಜ ಪಂಜು ತಗ್ಗಿಸಿ ನನ್ನ ಸೊಂಟದಿಂದ ಇಳಿಬಿದ್ದಿದ್ದ ಸೀರೆಯನ್ನು ಕೈಯಲ್ಲಿ ಹಿಡಿದು ತುದಿಯವರೆಗೆ ಎಳೆದುಕೊಂಡ. ತುದಿಯಲ್ಲಿ ಗಂಟಿತ್ತು. ಒಂದು ಕೈ ತೂರುವಷ್ಟು ಕುಣಿಕೆ, ಬಿಗಿದ ಗಂಟು.

"ಇದ ನೀ ಕಟ್ಟಿದ್ದಾ?" ಎಂದು ಮಾದೇವಿಯನ್ನು ಕೇಳಿದ.

"ನಾ ಬಿಚ್ಚಾಕಿದ್ದೆ ಕಣಜ್ಜ. ಮಾದಪ್ಪನಾಣೆ."

ಅವನು ಸೀರೆಯನ್ನು ನನ್ನ ಸೊಂಟದ ಹತ್ತಿರ ಕುಡುಗೋಲಿನಿಂದ ಕೊಯ್ದು ಬೆಂಕಿಗೆ ಹಾಕಿದ. ಬೇಲಿಯೊಳಗೆ ದನಗಳೆಲ್ಲ ಎದ್ದು ನಿಂತಿದ್ದವು. ಒಂದೂ ಮೆಲುಕು ಹಾಕುತ್ತಿರಲಿಲ್ಲ. ಎಲ್ಲವೂ ನಾನು ಇಳಿದು ಬಂದ ಕಡೆಗೆ ಮುಖ ಮಾಡಿದ್ದವು.

ಗುಡಿಸಿಲೊಳಗೆ ನಿಮ್ಮ ತಾತ ಕಂಬಳಿ ಹೊದ್ದು ಮಲಗಿದ್ದರು. ಮಾದೇವಿ ಅವರಿಗೆ ಮಾತ್ರೆ ಕೊಡುತ್ತಿದ್ದಾಗ ನಾನು ಒಲೆಯ ಪಕ್ಕ ಕೂಸನ್ನು ಮಡಿಲಿಗೆ ಹಾಕಿಕೊಂಡೆ. ಬದುಕಿದೆಯೋ ಇಲ್ಲವೋ ನೋಡಲು ಕೈ ಬರಲಿಲ್ಲ. ಕೊನೆಗೆ ಬೆಳಕಿಗೆ ಹಿಡಿದೆ.

ಬದುಕಿತ್ತು. ಬೆವರುವಷ್ಟು ಬೆಚ್ಚಗಿತ್ತು. ಸುಖವಾಗಿ ನಿದ್ದೆ ಮಾಡುತ್ತಿತ್ತು.

ಕೈಕಾಲು ಆಡಿಸುವ ಕೂಸಿಗೆ ನಾವು ಬಟ್ಟೆ ಸಡಿಲವಾಗಿ ಸುತ್ತುತ್ತೇವೆ. ನಾನು ಸುತ್ತಿದ್ದೂ ಹಾಗೇ. ಈಗ ಅದೇ ಬಟ್ಟೆಯನ್ನು ಬೇರೆ ರೀತಿ ಸುತ್ತಲಾಗಿತ್ತು. ಎರಡೂ ತೋಳು ಒಳಗಿಟ್ಟು, ಬಿಗಿಯಾಗಿ, ತಲೆಯ ಮೇಲೆ ಒಂದು ಮಡಿಕೆ. ಆಗತಾನೆ ಹುಟ್ಟಿದ ಹಸುಗೂಸಿಗೆ ಸುತ್ತುವ ಹಾಗೆ. ಬಿಚ್ಚಿದೆ. ಹೊಟ್ಟೆ ತುಂಬಿ ಗುಂಡಗಾಗಿತ್ತು. ಬಾಯಿಯ ಅಂಚಿನಿಂದ ಗಲ್ಲದವರೆಗೆ ಬೆಳ್ಳಗೆ ಹಾಲು ಹರಿದು ಒಣಗುತ್ತಿತ್ತು.

ನನ್ನ ಎದೆ ಕಲ್ಲಾಗಿ ನೋಯುತ್ತಿತ್ತು. ಮಧ್ಯಾಹ್ನದಿಂದ ಕುಡಿಸದ ಹಾಲು ಹಾಗೇ ಇತ್ತು.

ಬಗ್ಗಿ ಮೂಸಿದೆ. ಸಾಂಬ್ರಾಣಿ...

"ಏನಾಯ್ತು ಅಮ್ಮಿ? ಯಾಕಂಗೆ ನೋಡ್ತಿದ್ದೀಯಾ?" ಎಂದರು ನಿಮ್ಮ ತಾತ, ಜ್ವರದ ದನಿಯಲ್ಲಿ.

"ಏನಿಲ್ಲ. ಮಲೀಕಳಿ," ಎಂದೆ.

ರಾತ್ರಿಯೆಲ್ಲ ಕೂಸನ್ನು ಎದೆಗೆ ಹಚ್ಚಿ ಹಚ್ಚಿ ನೋಡಿದೆ. ಬಾಯಿ ತೆರೆಯಲಿಲ್ಲ. ಮಾದೇವಿ ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದಳು. ಅಷ್ಟು ಮಾತಿನ ಹುಡುಗಿ ಬೆಳಗಾಗುವವರೆಗೆ ಒಂದು ಮಾತಾಡಲಿಲ್ಲ. ಒಮ್ಮೆ ಮಾತ್ರ, "ಅತ್ಗೆ, ಬಾಗ್ಲ ತಾವ ನೋಡ್ಬ್ಯಾಡ," ಎಂದಳು. ಏನಿತ್ತು ಎಂದು ನಾನು ಕೇಳಲಿಲ್ಲ. ಅವಳು ಸಾಯುವವರೆಗೂ ಹೇಳಲಿಲ್ಲ.

ಬೆಳಿಗ್ಗೆ ಮಂಜು ಹರಿಯಿತು. ಔಷಧಿಯನ್ನು ತಾತನ ಬಳಿ ಬಿಟ್ಟು ಹೊರಟಾಗ ಸಿದ್ದಜ್ಜ ನಮ್ಮನ್ನು ಮೇಲಿನವರೆಗೆ ಕಳಿಸಲು ಬಂದ. ರಾತ್ರಿ ಸೀರೆ ನನ್ನನ್ನು ಎಡಕ್ಕೆ ಎಳೆದ ಜಾಗ ನನಗೆ ಗುರುತು ಸಿಕ್ಕಿತು. ನನ್ನ ಕಾಲಿನ ಗುರುತು ಒದ್ದೆ ಹುಲ್ಲಿನಲ್ಲಿ ಹಾಗೇ ಇತ್ತು. ಅದರ ಮುಂದೆ ಎರಡು ಮಾರು ಹುಲ್ಲು, ಆಮೇಲೆ ಏನೂ ಇಲ್ಲ. ಬಂಡೆ ಕಡಿದು ಕೆಳಗೆ ಹಳ್ಳ. ಮಂಜಿನಲ್ಲಿ ಗಾಳಿ ದಿಕ್ಕು ಬದಲಿಸಿತ್ತು, ನಾನು ಕೆನ್ನೆಯನ್ನು ನಂಬಿ ನಡೆದಿದ್ದೆ. ಗಾಳಿಯನ್ನು ನಂಬಿ ನಡೆಯಬೇಡಿ, ಮಕ್ಕಳೇ.

"ಅಜ್ಜ, ಈ ಕಡೆ ಯಾವ್ದಾರ ಕಾಡುಜನದ ಹಾಡಿ ಅದಾ? ಯಾರಾದ್ರೂ ಬಾಣಂತಿ..." ಎಂದು ಕೇಳಿದೆ. ಯಾರೋ ಕಾಡಿನವಳು, ನನ್ನ ಹಾಗೇ ಹೆತ್ತವಳು, ದಯೆಯಿಂದ ಹಾಗೆ ಮಾಡಿರಲಿ ಎಂದು ಆಸೆ.

"ಈ ಕಡೆ ಜನವೇ ಇಲ್ಲ ಕಣವ್ವ," ಎಂದ. ನಮ್ಮನ್ನು ಬಿಟ್ಟು ತಿರುಗುವಾಗ, "ಇನ್ಮ್ಯಾಲೆ ಕೂಸ ಇತ್ಲಾಗೆ ತರ್ಬ್ಯಾಡ ಬುಡು," ಎಂದ.

ನಿಮ್ಮ ತಾತ ವಾರದೊಳಗೆ ಗುಣವಾದರು. ಕೂಸಿಗೆ ಒಂದು ಸೀನೂ ಬರಲಿಲ್ಲ. ಆದರೆ ಅಂದಿನಿಂದ ಅದು ನನ್ನ ಎದೆಗೆ ಬಾಯಿ ಹಚ್ಚಲಿಲ್ಲ. ಬಳಿಗೆ ತಂದರೆ ಮುಖ ತಿರುಗಿಸಿ ಬಾಗಿಲ ಕಡೆ ನೋಡಿ ಅಳುತ್ತಿತ್ತು. ಗಾಳಿ ಸೋಕಿದೆ ಎಂದು ಅತ್ತೆ ವಿಭೂತಿ ಹಚ್ಚಿದರು. ಮಂತ್ರ ಹಾಕಿಸಿದರು. ಕೊನೆಗೆ ಹಸುವಿನ ಹಾಲಿನಲ್ಲೇ ಬೆಳೆಸಿದೆವು. ನನ್ನ ಹಾಲನ್ನು ತಿಂಗಳುಗಟ್ಟಲೆ ಹಿತ್ತಲಿನ ಗೋಡೆಗೆ ಹಿಂಡಿ ಚೆಲ್ಲಿದೆ. ಕೂಸುಗಳು ಆ ವಯಸ್ಸಿನಲ್ಲಿ ತಾವಾಗಿಯೇ ಹಾಲು ಬಿಡುವುದುಂಟು ಎಂದು ಮುಂದೆ ಒಬ್ಬ ಡಾಕ್ಟರು ಹೇಳಿದರು. ಇರಬಹುದು.

ಅಂದು ಕೈ ಚಾಚಿದವಳು ಜೀವವಿದ್ದವಳಾಗಿದ್ದರೆ, ನಾನು ಅವಳಿಗೆ ಕೈಮುಗಿಯಲೇ ಇಲ್ಲ. ಕಿತ್ತುಕೊಂಡು ಓಡಿದೆ. ಜೀವವಿಲ್ಲದವಳಾಗಿದ್ದರೆ... ಆ ತೋಳು ಬಿಡಲು ಅಷ್ಟು ಹೊತ್ತು ಮಾಡಿದ್ದು ಈಗಲೂ ನನ್ನ ಕೈಗೆ ನೆನಪಿದೆ. ನಿಮ್ಮ ಅಪ್ಪನಿಗೆ ಇದನ್ನು ನಾನು ಹೇಳಿಲ್ಲ. ನೀವೂ ಹೇಳಬೇಡಿ.

ಬರೆಯಬೇಕಿದ್ದ ಇನ್ನೊಂದು ಮಾತು ಇದೇ. ಮಂಜಿನಲ್ಲಿ, ಬೆಟ್ಟದ ಬೆನ್ನ ಮೇಲೆ, ನಿಮ್ಮ ಕೈ ಸೋತು ನಿಂತಾಗ ಹಿಂದಿನಿಂದ ಯಾರಾದರೂ ಕೈ ಚಾಚಿದರೆ ಏನು ಮಾಡಬೇಕು? ಕೊಡಬೇಡಿ ಎಂದು ಬರೆಯಲು ಹೋದೆ. ಅಂದು ನಾನು ಕೊಡದಿದ್ದರೆ ನಿಮ್ಮ ಅಪ್ಪನೂ ಇಲ್ಲ, ನೀವೂ ಇಲ್ಲ. ಕೊಡಿ ಎಂದು ಬರೆಯಲು ಹೋದೆ. ಕೈ ಮುಂದಕ್ಕೆ ಹೋಗಲಿಲ್ಲ.